ಹಳೆಯ ಕಾರನ್ನು ಕೊಡುವ ಮೊದಲು ಹೊಸದರ ಗುಣವನ್ನು ಪರೀಕ್ಷಿಸಿರಿ



ಕೋಣವನ್ನಾಗಲಿ ಎತ್ತನ್ನಾಗಲಿ ಕೊಳ್ಳುವಾಗ ನಮ್ಮ ಹಿರಿಯರು ಅದರ ಮೈಬಣ್ಣವನ್ನು ನೋಡಿ ಮುಂಗಡ ಕೊಡುತ್ತಿರಲಿಲ್ಲ. ಹಲ್ಲು ಎಣಿಸುತ್ತಿದ್ದರು. ಗೊರಸನ್ನು ಎತ್ತಿ ನೋಡುತ್ತಿದ್ದರು. ನೊಗ ಹೂಡಿ ನಾಲ್ಕು ಸುತ್ತು ನಡೆಸುತ್ತಿದ್ದರು. ಅದು ಬೆಳೆದ ಹಟ್ಟಿ ಯಾವುದು, ಈ ಮೊದಲು ಯಾರ ಗದ್ದೆಯಲ್ಲಿ ದುಡಿದಿತ್ತು ಎಂದು ವಿಚಾರಿಸುತ್ತಿದ್ದರು. ಒಂದು ಜತೆ ಕೋಣಕ್ಕೆ ಇಷ್ಟು ಎಚ್ಚರಿಕೆ ವಹಿಸುತ್ತಿದ್ದ ಮನೆಯವರೇ ಇಂದು ಐದಾರು ಲಕ್ಷ ರೂಪಾಯಿಯ ಕಾರನ್ನು ಅರ್ಧ ಗಂಟೆಯಲ್ಲಿ ಆರಿಸಿ ಬರುವುದುಂಟು.

ಸಾಸ್ತಾನ, ಪಾಂಡೇಶ್ವರ, ಗುಂಡ್ಮಿ, ಐರೋಡಿ, ಕೋಡಿ ಮೊದಲಾದ ನಮ್ಮ ಊರುಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ಮಾರುತಿ 800, ಓಮ್ನಿ ಮುಂತಾದ ವಾಹನಗಳು ಇನ್ನೂ ಹಲವು ಮನೆಗಳ ಅಂಗಳದಲ್ಲಿವೆ. ಇವು ಶೋಕಿಯ ವಸ್ತುಗಳಲ್ಲ. ನೆಲಗಡಲೆಯ ಮೂಟೆ, ತೆಂಗಿನಕಾಯಿ, ತರಕಾರಿ ಇವುಗಳಲ್ಲೇ ಪೇಟೆಗೆ ಹೋಗುತ್ತವೆ. ಮಳೆಗಾಲದ ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಬಂದರೆ, ಇಲ್ಲವೆ ಹೆರಿಗೆಯ ನೋವು ಕಾಣಿಸಿಕೊಂಡರೆ, ಕುಂದಾಪುರಕ್ಕೋ ಮಣಿಪಾಲಕ್ಕೋ ಕೊಂಡೊಯ್ಯಬೇಕಾದದ್ದೂ ಇದೇ ವಾಹನ. ಆ ಹೊತ್ತಿನಲ್ಲಿ ಅದು ಹೊರಡಬೇಕು, ದಾರಿಯಲ್ಲಿ ನಿಲ್ಲಬಾರದು. ಕಾರಿನ ನಂಬಿಕೆಯ ಗುಣ ಎಂದರೆ ಮುಖ್ಯವಾಗಿ ಇದೇ.

ಹಳೆಯದು ತೊಂದರೆ ಕೊಡುತ್ತದೆ, ಆದುದರಿಂದ ಹೊಸದು ನಂಬಿಕೆಗೆ ಅರ್ಹ ಎಂದು ಅನೇಕರು ಎಣಿಸುತ್ತಾರೆ. ಇದು ಅರ್ಧ ಸತ್ಯ. ಹಳೆಯ ವಾಹನದ ರೋಗವನ್ನು ನೀವು ಬಲ್ಲಿರಿ, ಹೊಸದರ ರೋಗವನ್ನು ಇನ್ನೂ ಅರಿಯಿರಿ. ಅರಿಯದ ರೋಗವನ್ನು ಹಣ ಕೊಡುವ ಮೊದಲೇ ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಹಳೆಯ ವಾಹನದ ಸ್ಥಿತಿ ತಿಳಿಯಿರಿ

ಕಾರಿನ ಕೆಡುಕುಗಳಲ್ಲಿ ಎರಡು ಬಗೆ. ಸವೆದರೆ ಬದಲಿಸಬಹುದಾದವು ಮೊದಲನೆಯ ಬಗೆ. ಟಯರು, ಬ್ಯಾಟರಿ, ಬ್ರೇಕಿನ ಪಟ್ಟಿ, ಕ್ಲಚ್ಚು, ರಬ್ಬರಿನ ಬುಷ್ಷುಗಳು, ನೀರಿನ ಹೋಸುಗಳು ಈ ಗುಂಪಿನವು. ಇವು ಒಂದೇ ವರ್ಷದಲ್ಲಿ ಒಟ್ಟಿಗೆ ಖರ್ಚು ತಂದಾಗ ಮನಸ್ಸು ಬೇಸರಗೊಂಡು, ಕಾರೇ ಮುಗಿಯಿತೆಂದು ತೋರುತ್ತದೆ. ಆದರೆ ಹೊಸ ಕಾರಿಗೂ ನಾಲ್ಕೈದು ವರ್ಷಗಳಲ್ಲಿ ಇವೇ ಖರ್ಚುಗಳು ಬರತಕ್ಕವು. ಇವನ್ನು ಕಾರಣವಾಗಿಟ್ಟು ವಾಹನವನ್ನು ಮಾರುವುದು, ಲಾಳ ಸವೆಯಿತೆಂದು ಎತ್ತನ್ನೇ ಮಾರಿದ ಹಾಗೆ.

ಎರಡನೆಯ ಬಗೆ ಮೈಯ ಕೆಡುಕು. ನಮ್ಮ ಕರಾವಳಿಯಲ್ಲಿ ಕಾರಿನ ಆಯುಸ್ಸನ್ನು ಹೆಚ್ಚಾಗಿ ನಿರ್ಣಯಿಸುವುದು ಎಂಜಿನ್ ಅಲ್ಲ, ತುಕ್ಕು. ಕಾರನ್ನು ಗ್ಯಾರೇಜಿನಲ್ಲಿ ಎತ್ತಿ ನಿಲ್ಲಿಸಿ, ಕಾಲಿಡುವ ತಳದ ತಗಡು, ಬಾಗಿಲಿನ ಕೆಳಗಿನ ಅಂಚು, ಸಸ್ಪೆನ್ಷನ್ ಕೂಡುವ ಜಾಗ, ಬ್ರೇಕಿನ ಎಣ್ಣೆ ಹೋಗುವ ಸಣ್ಣ ಕೊಳವೆ, ಇಷ್ಟನ್ನು ಮೆಕ್ಯಾನಿಕನಿಂದ ಸುತ್ತಿಗೆಯ ಹಿಡಿಯಿಂದ ತಟ್ಟಿಸಿ ನೋಡಿರಿ. ಮೇಲಿನ ತುಕ್ಕಾದರೆ ಕೆರೆದು ಬಣ್ಣ ಬಳಿಯಬಹುದು. ಭಾರ ಹೊರುವ ಜಾಗದಲ್ಲಿ ತಗಡು ಪುಡಿಯಾಗಿ ಉದುರುತ್ತಿದ್ದರೆ ಆ ವಾಹನಕ್ಕೆ ಇನ್ನು ಹಣ ಸುರಿಯುವುದು ವ್ಯರ್ಥ.

ವಯಸ್ಸಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಖಾಸಗಿ ಕಾರಿಗೆ 15 ವರ್ಷ ಕಳೆಯಿತೆಂದರೆ ಗುಜರಿಗೆ ಹಾಕಲೇಬೇಕು ಎಂಬ ನಿಯಮ ಕರ್ನಾಟಕದಲ್ಲಿ ಇಲ್ಲ. 15 ವರ್ಷಕ್ಕೆ ನೋಂದಣಿ ಮುಗಿಯುತ್ತದೆ. ವಾಹನವನ್ನು ಸಾರಿಗೆ ಕಚೇರಿಯಲ್ಲಿ ತೋರಿಸಿ, ಯೋಗ್ಯವೆಂದು ಕಂಡಲ್ಲಿ ಮುಂದಿನ 5 ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಆದರೆ ಶುಲ್ಕ ಏರಿದೆ. ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ಇದನ್ನು 10,000 ರೂಪಾಯಿಗೆ ಏರಿಸಲಾಯಿತು. ಇದಲ್ಲದೆ ಹಸಿರು ತೆರಿಗೆಯೂ ಇದೆ. ನಿರ್ಧಾರಕ್ಕೆ ಮೊದಲು ಉಡುಪಿಯ ಸಾರಿಗೆ ಕಚೇರಿಯಲ್ಲಿ ಅಂದಿನ ದರವನ್ನು ಕೇಳಿಕೊಳ್ಳಿರಿ.

ಕಾಗದದ ಮೇಲೆ ಲೆಕ್ಕ

ರಿಪೇರಿಯ ಬಿಲ್ಲು ಕಣ್ಣಿಗೆ ಕಾಣುತ್ತದೆ. ಹೊಸ ಕಾರಿನ ಬೆಲೆ ಇಳಿಯುವುದು ಕಣ್ಣಿಗೆ ಕಾಣದು. ಆದುದರಿಂದ ಎರಡನ್ನೂ ವರ್ಷದ ಲೆಕ್ಕಕ್ಕೆ ತನ್ನಿರಿ. ಕೆಳಗಿನದು ಮಾದರಿ ಲೆಕ್ಕ ಮಾತ್ರ. ನಿಮ್ಮ ಅಂಕೆಗಳನ್ನು ನೀವೇ ತುಂಬಬೇಕು.

ಹಳೆಯ ವಾಹನಕ್ಕೆ ವರ್ಷಕ್ಕೆ ರಿಪೇರಿ 20,000, ಟಯರು ಬ್ಯಾಟರಿಗೆ ಸರಾಸರಿ 6,000, ತುಕ್ಕಿನ ಕೆಲಸಕ್ಕೆ 9,000, ವಿಮೆಗೆ 5,000, ನವೀಕರಣದ ಐದರಲ್ಲೊಂದು ಪಾಲು 1,000, ಮಾರುವ ಬೆಲೆಯಲ್ಲಿ ಇಳಿತ 5,000 ಎಂದು ಹಿಡಿಯಿರಿ. ಒಟ್ಟು 46,000 ರೂಪಾಯಿ.

ಹೊಸ ಕಾರಿನ ಬೆಲೆ 6,00,000, ಐದು ವರ್ಷದ ಮೇಲೆ ಮಾರಿದರೆ 3,30,000 ಎಂದು ಹಿಡಿದರೆ, ವರ್ಷಕ್ಕೆ ಇಳಿತ 54,000. ನಾಲ್ಕು ಲಕ್ಷ ಸಾಲವನ್ನು ನೂರಕ್ಕೆ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ, ಬಡ್ಡಿ ವರ್ಷಕ್ಕೆ ಸರಾಸರಿ 19,600. ವಿಮೆ 18,000, ಸರ್ವಿಸು 7,000. ಒಟ್ಟು 98,600. ವರ್ಷಕ್ಕೆ 6,000 ಕಿಲೋಮೀಟರ್ ಓಡಾಟವಿದ್ದು, ಹಳೆಯದು ಲೀಟರಿಗೆ 14, ಹೊಸದು 19 ಕಿಲೋಮೀಟರ್ ಕೊಟ್ಟರೆ ಸುಮಾರು 112 ಲೀಟರ್ ಉಳಿತಾಯ. ಲೀಟರಿಗೆ 100 ರೂಪಾಯಿ ಎಂದರೂ 11,200. ಅದನ್ನು ಕಳೆದರೆ 87,400 ರೂಪಾಯಿ.

ಎರಡರ ಅಂತರ 41,400 ರೂಪಾಯಿ. ಹೊಸದನ್ನು ಕೊಳ್ಳಬಾರದೆಂದು ಈ ಲೆಕ್ಕದ ಅರ್ಥವಲ್ಲ. ವರ್ಷಕ್ಕೆ ಅಷ್ಟು ಹಣ ಕೊಟ್ಟು ನಾವು ಪಡೆಯುವುದು ನಂಬಿಕೆ ಮತ್ತು ಸುರಕ್ಷತೆ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆ ಹಣ ಕೊಟ್ಟ ಮೇಲೂ ಕಾರು ದಾರಿಯಲ್ಲಿ ನಿಂತರೆ, ಒಂದು ಬೆಳೆಯ ಹಣ ನೀರಿನಲ್ಲಿ ಹೋದಂತೆಯೇ.

ನಂಬಿಕೆಯ ಗುಣ ಯಾವುದರಿಂದ ತಿಳಿಯದು

ಅಂಗಡಿಯಲ್ಲಿ ನಿಮಗೆ ಹೇಳುವ ಮೂರು ಮಾತುಗಳನ್ನು ಬೇರೆಬೇರೆಯಾಗಿ ತೂಗಬೇಕು.

ಒಂದು, ನಕ್ಷತ್ರಗಳ ಮಾತು. ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ನಮ್ಮ ದೇಶದಲ್ಲಿ 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಕಾರನ್ನು ಡಿಕ್ಕಿ ಹೊಡೆಸಿ, ಒಳಗಿನವರಿಗೆ ಎಷ್ಟು ರಕ್ಷಣೆ ಸಿಕ್ಕಿತೆಂದು ನೋಡಿ ನಕ್ಷತ್ರ ಕೊಡುತ್ತಾರೆ. ಇದು ಬಹಳ ಉಪಯುಕ್ತ. ಆದರೆ ಐದು ನಕ್ಷತ್ರದ ಕಾರು ರಿಪೇರಿಗೆ ಬರುವುದಿಲ್ಲ ಎಂದು ಅದರ ಅರ್ಥವಲ್ಲ.

ಎರಡು, ವಾರಂಟಿಯ ಮಾತು. ಕೆಟ್ಟರೆ ಖರ್ಚು ಯಾರದು ಎಂಬುದನ್ನು ವಾರಂಟಿ ಹೇಳುತ್ತದೆ, ಕೆಡುವುದಿಲ್ಲ ಎಂದು ಹೇಳುವುದಿಲ್ಲ. ರಬ್ಬರು, ಬ್ಯಾಟರಿ, ಕ್ಲಚ್ಚು, ತುಕ್ಕು ಇವುಗಳ ವಿಷಯದಲ್ಲಿ ಅದರಲ್ಲಿ ಏನು ಬರೆದಿದೆ ಎಂದು ಓದಿಸಿ ಕೇಳಿರಿ.

ಮೂರು, ಹೆಸರಿನ ಮಾತು. "ಈ ಗಾಡಿ ಇಪ್ಪತ್ತು ವರ್ಷದಿಂದ ಇದೆ, ಕಣ್ಣು ಮುಚ್ಚಿ ಕೊಳ್ಳಿ" ಎನ್ನುತ್ತಾರೆ. ಹೆಸರು ಹಳೆಯದಾದರೂ ಒಳಗಿನ ಯಂತ್ರ ಹೊಸದಾಗಿರಬಹುದು. ಓಮ್ನಿಯ ತಯಾರಿಕೆ 2019ರಲ್ಲಿ ನಿಂತ ಮೇಲೆ ಅದರ ಜಾಗಕ್ಕೆ ಹೆಚ್ಚಿನವರು ನೋಡುವುದು ಈಕೋ ಎಂಬ ಗಾಡಿಯನ್ನು. ಈಕೋ ಬಂದದ್ದು 2010ರಲ್ಲಿ. ಆದರೆ 2022ರ ನವೆಂಬರಿನಲ್ಲಿ ಅದಕ್ಕೆ ಬೇರೆ ಎಂಜಿನ್ ಹಾಕಿದರು. ಆದುದರಿಂದ 2012ರ ಈಕೋ ಇಟ್ಟುಕೊಂಡವರ ಸಾಕ್ಷ್ಯವು ಮೈ, ಬಾಗಿಲು, ಸೀಟುಗಳ ಮಟ್ಟಿಗೆ ನಿಮಗೆ ಉಪಯೋಗ. ಇಂದಿನ ಎಂಜಿನಿನ ಮಟ್ಟಿಗೆ ಅಲ್ಲ.

ಹೊಸ ಮಾದರಿಯೂ ಹೊಸ ತಳಿಯೂ

ಹೊಸ ಭತ್ತದ ತಳಿ ಬಂದಾಗ ನೀವು ಏನು ಮಾಡುತ್ತೀರಿ? ಮೊದಲ ವರ್ಷವೇ ಬೈಲಿಗೆ ಬೈಲೆಲ್ಲ ಬಿತ್ತುವುದಿಲ್ಲ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸುತ್ತೀರಿ. ನೆರೆಯವರ ಗದ್ದೆಯಲ್ಲಿ ನೆರೆ ಬಂದ ವರ್ಷ ಹೇಗೆ ನಿಂತಿತು, ರೋಗ ಬಂದ ವರ್ಷ ಹೇಗೆ ತಡೆಯಿತು ಎಂದು ನೋಡುತ್ತೀರಿ. ಕೇರಳದ ಮೊಂಕೊಂಬಿನಿಂದ ಬಂದ ಎಂ.ಓ. 4 ತಳಿ ನಮ್ಮ ಕರಾವಳಿಯಲ್ಲಿ ನೆಲೆ ನಿಂತದ್ದು ಚೀಲದ ಮೇಲಿನ ಚಿತ್ರವನ್ನು ನೋಡಿ ಅಲ್ಲ, ಮಳೆಗಾಲದಿಂದ ಮಳೆಗಾಲಕ್ಕೆ ಗದ್ದೆಯಲ್ಲಿ ನಿಂತು ತೋರಿಸಿದ್ದರಿಂದ.

ಕಾರಿಗೂ ಇದೇ ನ್ಯಾಯ. ಕಾರ್ಖಾನೆಯವರು ಎಷ್ಟೇ ಪರೀಕ್ಷೆ ಮಾಡಿದರೂ, ಸಾವಿರಾರು ಮಂದಿಯ ಕೈಯಲ್ಲಿ ಬಿಸಿಲು ಮಳೆಗೆ ಓಡಿದ ಮೇಲೆಯೇ ಕೆಲವು ದೋಷಗಳು ಹೊರಬೀಳುತ್ತವೆ. ಇದಕ್ಕೆ ಸ್ಪಷ್ಟವಾದ ಉದಾಹರಣೆಗಳಿವೆ. ವ್ಯಾಗನ್ ಆರ್ ಎಂಬ ಕಾರು 1999ರಿಂದ ನಮ್ಮ ದೇಶದಲ್ಲಿ ಇದೆ. 2019ರ ಜನವರಿಯಲ್ಲಿ ಅದರ ಹೊಸ ರೂಪ ಬಂತು. 2020ರ ಜುಲೈಯಲ್ಲಿ ಮಾರುತಿ ಕಂಪನಿಯವರು ವ್ಯಾಗನ್ ಆರ್ ಮತ್ತು ಬಲೆನೊ ಸೇರಿ 1,34,885 ಕಾರುಗಳನ್ನು ಇಂಧನದ ಪಂಪಿನ ಪರೀಕ್ಷೆಗೆಂದು ಹಿಂದಕ್ಕೆ ಕರೆದರು. ಅವುಗಳಲ್ಲಿ ವ್ಯಾಗನ್ ಆರ್ ಕಾರುಗಳು 2018ರ ನವೆಂಬರಿನಿಂದ 2019ರ ಅಕ್ಟೋಬರಿನವರೆಗೆ ತಯಾರಾದವು, ಅಂದರೆ ಹೊಸ ರೂಪದ ಮೊದಲ ವರ್ಷದವು. ಇಂಧನದ ಪಂಪು ನಿಂತರೆ ಕಾರು ನಿಂತಂತೆಯೇ.

ದೋಷ ಮೊದಲ ವರ್ಷಕ್ಕೇ ಮುಗಿಯುತ್ತದೆ ಎಂದೂ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿಯ ಸಿಯಾಜ್, ಎರ್ಟಿಗಾ ಮುಂತಾದ ಐದು ಪೆಟ್ರೋಲ್ ಮಾದರಿಗಳ 1,81,754 ಕಾರುಗಳನ್ನು ಮೋಟಾರ್ ಜನರೇಟರ್ ಎಂಬ ವಿದ್ಯುತ್ ಭಾಗದ ಪರೀಕ್ಷೆಗೆ ಕರೆಯಲಾಯಿತು. ಅವು 2018ರ ಮೇಯಿಂದ 2020ರ ಅಕ್ಟೋಬರಿನವರೆಗೆ ತಯಾರಾದವು.

ಇದನ್ನು ಆ ಕಂಪನಿಯ ದೂಷಣೆಗೆಂದು ಬರೆದಿಲ್ಲ. ಬೇರೆ ಕಂಪನಿಗಳೂ ಹೀಗೆ ಕರೆಯುತ್ತವೆ, ಪರೀಕ್ಷೆಯನ್ನೂ ಭಾಗವನ್ನೂ ಉಚಿತವಾಗಿ ಕೊಡುತ್ತವೆ. ದೋಷವನ್ನು ಮುಚ್ಚಿಡುವುದಕ್ಕಿಂತ ಇದು ಎಷ್ಟೋ ಮೇಲು. 2021ರ ಏಪ್ರಿಲಿನಿಂದ, ಸುರಕ್ಷತೆಗೆ ಸಂಬಂಧಿಸಿದ ದೋಷವಿದ್ದರೆ ವಾಹನಗಳನ್ನು ಹಿಂದಕ್ಕೆ ಕರೆಯುವಂತೆ ಸರಕಾರವೇ ಕಡ್ಡಾಯ ಮಾಡುವ ನಿಯಮವೂ ಬಂದಿದೆ. ನೀವು ತಿಳಿಯತಕ್ಕದ್ದು ಎರಡೇ. ಹೊಸ ಮಾದರಿ, ಹೊಸ ಎಂಜಿನ್ ಅಥವಾ ಹೊಸ ಗೇರಿನ ಪೆಟ್ಟಿಗೆ ಬಂದರೆ ಎರಡು ಮಳೆಗಾಲ ಕಾಯಿರಿ. ಈಗಾಗಲೇ ತಯಾರಾದ ಕಾರನ್ನು ಕೊಳ್ಳುವುದಾದರೆ, ಅದರ ಚಾಸಿಸ್ ಸಂಖ್ಯೆಯನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು, ಇಂಥ ಕರೆ ಇದೆಯೇ, ಕೆಲಸ ಮುಗಿದಿದೆಯೇ ಎಂದು ಕೇಳಿರಿ.

ನಮ್ಮ ಉಪ್ಪುಗಾಳಿ, ನಮ್ಮ ಮಳೆ

ಬೆಂಗಳೂರಿನಲ್ಲಿ ಹತ್ತು ವರ್ಷ ಚೆನ್ನಾಗಿ ಬಾಳಿದ ಕಾರು ಕೋಡಿ ಕನ್ಯಾಣದಲ್ಲಿ ಹಾಗೆಯೇ ಬಾಳುವುದೆಂದು ಹೇಳಲಾಗದು. ನಮ್ಮಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆಯ ಹಿನ್ನೀರು, ಮೇಲೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಗಾಳಿಯಲ್ಲಿ ಬರುವ ಉಪ್ಪಿನ ಕಣವು ತಗಡಿನ ಸಂದಿಯಲ್ಲಿ ಕುಳಿತು ತೇವವನ್ನು ಹಿಡಿದಿಡುತ್ತದೆ. ತೇವವಿದ್ದಷ್ಟು ಹೊತ್ತು ತುಕ್ಕು ಬೆಳೆಯುತ್ತದೆ.

ಹಳೆಯ ಕಾರಿನಲ್ಲಿ ಉಪ್ಪು ತಿನ್ನುತ್ತಿದ್ದುದು ತಗಡನ್ನು. ಹೊಸ ಕಾರಿನಲ್ಲಿ ತಗಡಿಗೆ ಸತುವಿನ ಲೇಪವೂ ಒಳ್ಳೆಯ ಬಣ್ಣವೂ ಇರುವುದುಂಟು. ಆದರೆ ಈಗ ಎಂಜಿನ್, ಬ್ರೇಕು, ಸ್ಟಿಯರಿಂಗು ಎಲ್ಲಕ್ಕೂ ವಿದ್ಯುತ್ ತಂತಿಗಳೂ ಸೆನ್ಸರುಗಳೂ ಇವೆ. ತಂತಿ ಕೂಡುವ ಒಂದು ಸಣ್ಣ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದರೆ ಸಾಕು, ಎದುರಿನ ಫಲಕದಲ್ಲಿ ದೀಪ ಹತ್ತಿ ಎಂಜಿನ್ ಬಲ ಕಳೆದುಕೊಳ್ಳಬಹುದು. ಆದುದರಿಂದ ನೀವು ನೋಡಿದ ಮಾದರಿಯ ಐದಾರು ವರ್ಷದ ಕಾರೊಂದನ್ನು ಕಡಲ ಬದಿಯ ಊರಿನಲ್ಲೇ ಹುಡುಕಿರಿ. ಅದರ ತಳಭಾಗ, ಬಾನೆಟ್ಟಿನ ಒಳಗಿನ ಬೋಲ್ಟುಗಳು, ಬಾಗಿಲಿನ ಕೆಳಗಿನ ನೀರು ಹೋಗುವ ರಂಧ್ರಗಳು ಹೇಗಿವೆ ಎಂದು ನೋಡಿರಿ. ನಿಮ್ಮ ಕಾರು ಐದಾರು ವರ್ಷದ ಮೇಲೆ ಹೇಗಿರುವುದೆಂದು ಅದೇ ತೋರಿಸುತ್ತದೆ.

ಎಂಜಿನ್ ನಿಮ್ಮ ಓಡಾಟಕ್ಕೆ ಒಪ್ಪಬೇಕು

ಒಳ್ಳೆಯ ಯಂತ್ರವೂ ಸಲ್ಲದ ಕೆಲಸಕ್ಕೆ ಹಚ್ಚಿದರೆ ಕೆಡುತ್ತದೆ. ಇದಕ್ಕೆ ಮುಖ್ಯ ದೃಷ್ಟಾಂತ ಡೀಸೆಲ್ ಕಾರು.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಗೆಯ ನಿಯಮ ಜಾರಿಯಾದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿಯನ್ನು ಇಡುತ್ತಾರೆ. ಈ ಜರಡಿ ತುಂಬಿದಾಗ ಮಸಿ ಸುಟ್ಟು ಹೋಗಬೇಕು. ಅದಕ್ಕೆ ಬೇಕಾದಷ್ಟು ಕಾವು ಬರಲು ಕಾರು ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ಮನೆಯಿಂದ ಸಾಸ್ತಾನ ಪೇಟೆಗೆ, ಪೇಟೆಯಿಂದ ಸೊಸೈಟಿಗೆ, ಅಲ್ಲಿಂದ ಮನೆಗೆ, ಹೀಗೆ ಎರಡು ಮೂರು ಕಿಲೋಮೀಟರಿನ ಓಡಾಟವೇ ಹೆಚ್ಚಾದರೆ ಜರಡಿ ಕಟ್ಟಿಕೊಳ್ಳುತ್ತದೆ. ಆಗ ಕಾರು ಬಲಗುಂದುತ್ತದೆ, ಖರ್ಚೂ ದೊಡ್ಡದು. ಇಂಥವರಿಗೆ ಪೆಟ್ರೋಲಿನ ಸಾದಾ ಎಂಜಿನ್ ಲೇಸು. ವಾರಕ್ಕೆ ಎರಡು ಸಲವಾದರೂ ಉಡುಪಿ, ಮಂಗಳೂರು ಕಡೆ ದೂರ ಓಡುವವರಿಗೆ ಈ ತೊಂದರೆ ಕಡಿಮೆ.

ಕೆಲವು ಡೀಸೆಲ್ ವಾಹನಗಳಿಗೆ ಇಂಧನದ ಜತೆಗೆ ಯೂರಿಯಾ ದ್ರವವನ್ನೂ ತುಂಬಬೇಕಾಗುತ್ತದೆ. ಇದು ನೂರಕ್ಕೆ 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ನೀರು. ಗದ್ದೆಗೆ ಹಾಕುವ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ತುಂಬುವ ಆಲೋಚನೆ ಯಾರಿಗೂ ಬರಬಾರದು. ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ, ಬೇರೆ ಕಲ್ಮಶಗಳೂ ಇರುತ್ತವೆ. ಅದು ಯಂತ್ರದ ಆ ಭಾಗವನ್ನೇ ಕೆಡಿಸುತ್ತದೆ.

ಪೆಟ್ರೋಲಿನ ವಿಷಯ. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು. 2023ರ ಏಪ್ರಿಲಿನಿಂದ ತಯಾರಾದ ಕಾರುಗಳ ರಬ್ಬರು, ಕೊಳವೆಗಳನ್ನು ಇದಕ್ಕೆ ತಾಳುವಂತೆ ಮಾಡಿದ್ದಾರೆ. ಅದಕ್ಕಿಂತ ಹಳೆಯ ಕಾರಾದರೆ ಅದರ ಕೈಪಿಡಿಯಲ್ಲಿ, ಇಂಧನದ ಮುಚ್ಚಳದ ಬಳಿ ಏನು ಬರೆದಿದೆ ಎಂದು ನೋಡಿರಿ. ಹಳೆಯ ವಾಹನವನ್ನೇ ಉಳಿಸಿಕೊಳ್ಳುವವರು ಇಂಧನದ ರಬ್ಬರ್ ಹೋಸುಗಳನ್ನು ಪರೀಕ್ಷಿಸಿ ಬದಲಿಸಿಕೊಳ್ಳುವುದು ಕ್ಷೇಮ. ಎಥನಾಲ್ ನೀರನ್ನು ಹೀರುವ ಗುಣದ್ದು. ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧ ಖಾಲಿ ಇಟ್ಟು ತಿಂಗಳುಗಟ್ಟಲೆ ಕಾರು ನಿಲ್ಲಿಸಬೇಡಿರಿ.

ಗೇರಿನ ಬಗ್ಗೆ ಒಂದು ಮಾತು. ತಾನಾಗಿಯೇ ಗೇರು ಬದಲಿಸುವ ಕಾರುಗಳು ಸುಖಕರ, ವಯಸ್ಸಾದವರಿಗೆ ಅನುಕೂಲ. ಆದರೆ ಕೆಟ್ಟರೆ ಊರಿನ ಗ್ಯಾರೇಜಿನಲ್ಲಿ ಕೈಹಾಕುವವರು ಕಡಿಮೆ. ಸರಳವಾದ ಯಂತ್ರವನ್ನು ರಿಪೇರಿ ಮಾಡುವವರು ಹತ್ತಿರದಲ್ಲೇ ಇರುತ್ತಾರೆ ಎಂಬುದು ಹಳ್ಳಿಯಲ್ಲಿ ಸಣ್ಣ ಗುಣವಲ್ಲ.

ವಿಚಾರಿಸುವ ಕ್ರಮ

ಅಮೆರಿಕದಲ್ಲಿ 1936ರಲ್ಲಿ ಹುಟ್ಟಿದ ಬಳಕೆದಾರರ ಸಂಘವೊಂದು ತನ್ನ ಸದಸ್ಯರಿಂದಲೇ ಅವರ ಕಾರುಗಳ ದೋಷಗಳನ್ನು ಕೇಳಿ ಪಡೆದು ಪಟ್ಟಿ ಮಾಡುತ್ತದೆ. ಜರ್ಮನಿಯ ವಾಹನ ಸಂಘವು ರಸ್ತೆಯಲ್ಲಿ ನಿಂತ ಕಾರುಗಳಿಗೆ ಸಹಾಯಕ್ಕೆ ಹೋಗುವಾಗ, ಯಾವ ಕಾರು ಯಾವ ಕಾರಣಕ್ಕೆ ನಿಂತಿತೆಂದು ಬರೆದಿಟ್ಟು, 1978ರಿಂದ ಪ್ರಕಟಿಸುತ್ತಾ ಬಂದಿದೆ. ಆ ಪಟ್ಟಿಗಳು ನಮಗೆ ನೇರವಾಗಿ ಸಲ್ಲವು. ಅಲ್ಲಿಯ ಮಾದರಿಗಳೇ ಬೇರೆ, ರಸ್ತೆಯೇ ಬೇರೆ. ಆದರೆ ಕ್ರಮವನ್ನು ನಾವು ಕಲಿಯಬಹುದು. ಒಬ್ಬರ ಹೊಗಳಿಕೆಯನ್ನೂ ನಂಬದೆ, ಒಬ್ಬರ ಬೈಗುಳನ್ನೂ ನಂಬದೆ, ಹತ್ತು ಮಂದಿಯನ್ನು ಒಂದೇ ಪ್ರಶ್ನೆ ಕೇಳುವುದೇ ಆ ಕ್ರಮ.

ನೀವು ಆರಿಸಿದ ಮಾದರಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಹತ್ತು ಮಂದಿಯನ್ನು ಕೋಟ, ಸಾಸ್ತಾನ, ಬ್ರಹ್ಮಾವರ, ಕುಂದಾಪುರದ ಕಡೆ ಹುಡುಕಿರಿ. ಬಾಡಿಗೆ ಓಡಿಸುವ ಚಾಲಕರು ಅವರಲ್ಲಿ ಇಬ್ಬರಾದರೂ ಇರಲಿ. ನಿಮ್ಮ ಆರು ವರ್ಷದ ಓಡಾಟವನ್ನು ಅವರು ಒಂದೇ ವರ್ಷದಲ್ಲಿ ಓಡಿ ಮುಗಿಸಿರುತ್ತಾರೆ. ಹೀಗೆ ಕೇಳಿರಿ:

1. ಯಾವ ವರ್ಷದ ಕಾರು, ಯಾವ ಎಂಜಿನ್, ಎಷ್ಟು ಕಿಲೋಮೀಟರ್ ಓಡಿದೆ?
2. ದಾರಿಯಲ್ಲಿ ಎಂದಾದರೂ ನಿಂತಿತೇ? ಯಾವ ಕಾರಣಕ್ಕೆ?
3. ಟಯರು, ಬ್ಯಾಟರಿ, ಎಣ್ಣೆ ಬಿಟ್ಟು ಬೇರೆ ಯಾವ ಭಾಗ ಬದಲಿಸಿದಿರಿ? ಖರ್ಚೆಷ್ಟು?
4. ಬಿಡಿಭಾಗ ಬರಲು ಎಷ್ಟು ದಿನ ಕಾದಿರಿ?
5. ಅದೇ ಕಾರನ್ನು ಇನ್ನೊಮ್ಮೆ ಕೊಳ್ಳುವಿರಾ?

ಉತ್ತರಗಳನ್ನು ಬರೆದುಕೊಳ್ಳಿರಿ. ಎರಡನೆಯ ಪ್ರಶ್ನೆಯ ಉತ್ತರವೇ ಮುಖ್ಯ. ಕಿಟಕಿಯ ಗಾಜು ಏರುವುದಿಲ್ಲ, ಹಾಡಿನ ಪೆಟ್ಟಿಗೆ ನಿಲ್ಲುತ್ತದೆ ಎಂಬುದು ಕಿರಿಕಿರಿ. ಇಂಧನದ ಪಂಪು, ಚಾರ್ಜಾಗದ ಬ್ಯಾಟರಿ, ಕಾವೇರುವ ಎಂಜಿನ್, ಕೈಕೊಡುವ ಕ್ಲಚ್ಚು, ಇವು ರಾತ್ರಿಯಲ್ಲಿ ನಿಮ್ಮನ್ನು ರಸ್ತೆಯಲ್ಲಿ ನಿಲ್ಲಿಸತಕ್ಕವು. ಹತ್ತರಲ್ಲಿ ಮೂವರು ಒಂದೇ ಭಾಗದ ಹೆಸರು ಹೇಳಿದರೆ ಅದು ಆಕಸ್ಮಿಕವಲ್ಲ, ಆ ಮಾದರಿಯ ಗುಣವೇ ಎಂದು ತಿಳಿಯಿರಿ.

ಬಳಿಕ ಯಾವ ಕಂಪನಿಗೂ ಸೇರದ ಗ್ಯಾರೇಜಿನ ಮೆಕ್ಯಾನಿಕನನ್ನು ಕೇಳಿರಿ. "ಯಾವ ಕಾರು ಒಳ್ಳೆಯದು?" ಎಂದು ಕೇಳಬೇಡಿರಿ. "ನಿಮ್ಮಲ್ಲಿಗೆ ಯಾವ ಕಾರು ಯಾವ ರೋಗಕ್ಕೆ ಹೆಚ್ಚಾಗಿ ಬರುತ್ತದೆ?" ಎಂದು ಕೇಳಿರಿ. ಮೊದಲನೆಯದಕ್ಕೆ ಅಭಿಪ್ರಾಯ ಸಿಗುತ್ತದೆ, ಎರಡನೆಯದಕ್ಕೆ ಅನುಭವ ಸಿಗುತ್ತದೆ.

ಕೈ ಬದಲಿಸಿದ ಕಾರು ಕೊಳ್ಳುವುದಾದರೆ

ಮೂರು ನಾಲ್ಕು ವರ್ಷ ಓಡಿದ ಕಾರು ಕೊಳ್ಳುವುದು ಅನೇಕರಿಗೆ ಅನುಕೂಲ. ಬೆಲೆಯ ದೊಡ್ಡ ಇಳಿತವನ್ನು ಮೊದಲ ಯಜಮಾನ ಹೊತ್ತಿರುತ್ತಾನೆ, ಮಾದರಿಯ ದೋಷಗಳೂ ಆ ವೇಳೆಗೆ ಹೊರಬಿದ್ದಿರುತ್ತವೆ. ಆದರೆ ಆ ಒಂದು ಕಾರಿನ ಸ್ವಂತ ಚರಿತ್ರೆಯನ್ನು ತಿಳಿಯಬೇಕು.

ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿರಿ. ಬಿಸಿಯಾದ ಎಂಜಿನ್ ತನ್ನ ದೋಷವನ್ನು ಮುಚ್ಚಿಡುತ್ತದೆ. ಹೊರಟ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಎಣ್ಣೆಯ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿಯ ಲೇಪ ಕಂಡರೆ ಎಣ್ಣೆಗೆ ನೀರು ಸೇರಿರಬಹುದು. ಮೆಕ್ಯಾನಿಕನಿಗೆ ತೋರಿಸದೆ ಮುಂದುವರಿಯಬೇಡಿರಿ.

ಮೀಟರಿನಲ್ಲಿ 30,000 ಎಂದು ತೋರಿಸಿ, ಪೆಡಲಿನ ರಬ್ಬರು ನುಣ್ಣಗಾಗಿ, ಸ್ಟಿಯರಿಂಗ್ ಮಿರುಗುತ್ತಿದ್ದರೆ ಸಂಶಯಪಡಿರಿ. ಸರ್ವಿಸ್ ಕೇಂದ್ರದಲ್ಲಿ ಆ ಕಾರಿನ ಹಿಂದಿನ ದಾಖಲೆಯನ್ನು ಯಜಮಾನನ ಮೂಲಕವೇ ತರಿಸಿ ನೋಡಿರಿ.

ನೆರೆಯಲ್ಲಿ ಮುಳುಗಿದ ಕಾರು ಅತ್ಯಂತ ಅಪಾಯದ್ದು. 2018ರ ಆಗಸ್ಟಿನಲ್ಲಿ ಕೇರಳದಲ್ಲಿ ಬಂದಂಥ ನೆರೆಗಳಲ್ಲಿ ಮುಳುಗಿದ ವಾಹನಗಳು ತೊಳೆದು ಒರೆಸಿಕೊಂಡು ದೂರದ ಊರುಗಳಿಗೆ ಮಾರಾಟಕ್ಕೆ ಬರಬಹುದು. ಸೀಟಿನ ಬೆಲ್ಟನ್ನು ತುದಿಯವರೆಗೂ ಎಳೆದು ನೋಡಿರಿ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಯಲ್ಲಿ ತುಕ್ಕು, ಚಾಪೆಯ ಅಡಿಯಲ್ಲಿ ಮುಗ್ಗುಲು ವಾಸನೆ ಇದ್ದರೂ ಅದೇ ಗುರುತು. ಇಂಥ ಕಾರಿನ ತಂತಿಗಳು ಇಂದಲ್ಲ ನಾಳೆ ಕೆಡುವುವು.

ಕಡೆಗೆ ಕಾಗದಪತ್ರ. ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳನ್ನು ಕಾರಿನ ಮೇಲಿರುವ ಸಂಖ್ಯೆಗಳಿಗೆ ಹೋಲಿಸಿರಿ. ಸಾಲದ ಅಡವು ತೀರಿದೆಯೇ ಎಂದು ನೋಡಿರಿ. ಹೆಸರು ಬದಲಾವಣೆಯ 29 ಮತ್ತು 30ನೆಯ ಫಾರ್ಮುಗಳಿಗೆ ಸಹಿಯಾಗದೆ ಪೂರ್ತಿ ಹಣ ಕೊಡಬೇಡಿರಿ.

ಯಾವಾಗ ಬದಲಿಸಬೇಕು?

ಮೈ ಗಟ್ಟಿಯಾಗಿದ್ದು ಸವೆಯುವ ಭಾಗಗಳಷ್ಟೇ ತೊಂದರೆ ಕೊಡುತ್ತಿದ್ದರೆ, ಒಂದು ಸಲ ಸರಿಯಾಗಿ ರಿಪೇರಿ ಮಾಡಿಸಿ ಹಳೆಯದನ್ನೇ ಇಟ್ಟುಕೊಳ್ಳಿರಿ. ಭಾರ ಹೊರುವ ತಗಡು ತಿಂದುಹೋಗಿದ್ದರೆ, ಬಿಡಿಭಾಗ ಸಿಗದಂತಾಗಿದ್ದರೆ, ಅಥವಾ ವರ್ಷದಲ್ಲಿ ಎರಡು ಮೂರು ಸಲ ದಾರಿಯಲ್ಲೇ ನಿಂತಿದ್ದರೆ, ಬದಲಿಸುವ ಕಾಲ ಬಂದಿದೆ.

ಇನ್ನೊಂದು ಕಾರಣವನ್ನೂ ಮರೆಯಬಾರದು. ಓಮ್ನಿಯಂಥ ಗಾಡಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಚಾಲಕನ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ಇರುವುದು ಒಂದು ತಗಡು. ಅದರಲ್ಲಿ ಏರ್‌ಬ್ಯಾಗೂ ಇಲ್ಲ. ಊರಿನ ಒಳರಸ್ತೆಯಲ್ಲಿ ಅದು ಸಾಕಾಗಿರಬಹುದು. ದಿನವೂ ಮಕ್ಕಳನ್ನು ಕೂರಿಸಿಕೊಂಡು 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವ ಮನೆಯವರು, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬದಲಿಸುವ ಆಲೋಚನೆ ಮಾಡುವುದು ಯುಕ್ತ. ಎಂದೂ ನಿಲ್ಲದ ಗಾಡಿಯೂ ಅಪಘಾತದಲ್ಲಿ ಕಾಪಾಡದ ಗಾಡಿಯಾಗಿರಬಹುದು. ಇವೆರಡು ಬೇರೆ ಗುಣಗಳು, ಎರಡನ್ನೂ ತೂಗಬೇಕು.

ಬದಲಿಸುವುದೆಂದು ನಿಶ್ಚಯವಾದ ಮೇಲೂ ಅವಸರ ಬೇಡ. ಹಬ್ಬದ ರಿಯಾಯಿತಿ ಈ ವರ್ಷ ತಪ್ಪಿದರೆ ಬರುವ ವರ್ಷ ಬರುತ್ತದೆ. ಹತ್ತು ಮಂದಿಯನ್ನು ಕೇಳಲು ಒಂದು ವಾರ ಸಾಕು. ತಳಭಾಗ ನೋಡಲು ಒಂದು ಗಂಟೆ ಸಾಕು. ಲೆಕ್ಕ ಬರೆಯಲು ಒಂದು ಹಾಳೆ ಸಾಕು. ಸಾಲದ ಕಂತು ಮಾತ್ರ ಅರುವತ್ತು ತಿಂಗಳು ಬರುತ್ತದೆ. ಮನೆಯವರೆಲ್ಲ ಕುಳಿತು, ಕಾರು ಓಡಿಸುವ ಮಗನ ಮಾತನ್ನೂ, ಅದರಲ್ಲಿ ಆಸ್ಪತ್ರೆಗೆ ಹೋಗಬೇಕಾದ ಹಿರಿಯರ ಮಾತನ್ನೂ, ಮನೆಯ ಖರ್ಚು ತೂಗಿಸುವ ಹೆಂಗಸರ ಮಾತನ್ನೂ ಕೇಳಿ ನಿರ್ಧರಿಸಿರಿ.